ಸಂಘದ ಚಾರ್ಜು ಯಾರಿಗೆ?

ಜನವರಿ 14 ನಮ್ಮ ಕಡೆ ಸಂಕ್ರಮಣದ ಗಡಿಬಿಡಿ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬುತ್ತಿ, ಹೊಳೆಯ ಜಳಕ. ಅದೇ ದಿನ ಮಾಜಿ ಸೈನಿಕರ ದಿನವೂ ಹೌದೆಂಬುದು ಮಾಜಿ ಸೈನಿಕರ ಮನೆಗಳಲ್ಲೇ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ. 2016ರಿಂದ ದೇಶದಲ್ಲಿ ಈ ಆಚರಣೆ ನಡೆದುಬಂದಿದೆ. ಈ ದಿನವನ್ನೇ ಆರಿಸಿದ್ದಕ್ಕೆ ಕಾರಣ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ. 1953ರ ಜನವರಿ 14ರಂದು ಅವರು ಸೇನೆಯ ಮಹಾದಂಡನಾಯಕರಾಗಿ ನಿವೃತ್ತರಾದರು. ಮರುದಿನ, ಜನವರಿ 15, ಸೇನಾ ದಿನ. 1949ರಲ್ಲಿ ಅವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಚಾರ್ಜು ತೆಗೆದುಕೊಂಡ ದಿನ ಅದು. ಒಬ್ಬರೇ ಮನುಷ್ಯ ಅಧಿಕಾರಕ್ಕೆ ಬಂದದ್ದಕ್ಕೂ ಒಂದು ದಿನ, ಬಿಟ್ಟುಕೊಟ್ಟದ್ದಕ್ಕೂ ಒಂದು ದಿನ. ನಡುವೆ ಬರೀ ನಾಲ್ಕು ವರ್ಷ. ಬಿಟ್ಟ ಮೇಲೆ ಅವರು ಮನೆಯಲ್ಲಿ ಕೂತವರೂ ಅಲ್ಲ. 1964ರಲ್ಲಿ ಮಾಜಿ ಸೈನಿಕರ ರಾಷ್ಟ್ರಮಟ್ಟದ ಸಂಘಟನೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟುವುದರಲ್ಲಿ ಅವರೇ ಮುಂದಿದ್ದರು.

ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ಮಾಜಿ ಸೈನಿಕರು ಸಂಘದ ಮಾತು ಎತ್ತಿದಾಗ ನನಗೆ ಈ ಎರಡು ತಾರೀಖುಗಳು ನೆನಪಾಗುತ್ತವೆ. ಸೈನ್ಯದಲ್ಲಿದ್ದಷ್ಟು ದಿನ ಚಾರ್ಜು ಕೊಡುವುದು, ಚಾರ್ಜು ತೆಗೆದುಕೊಳ್ಳುವುದು ಇವರ ರಕ್ತದಲ್ಲೇ ಇತ್ತು. ಕಮಾಂಡಿಂಗ್ ಆಫೀಸರ್ ಎರಡು-ಮೂರು ವರ್ಷಕ್ಕೆ ಬದಲಾಗುತ್ತಾರೆ. ಸ್ಟೋರಿನ ಹವಾಲ್ದಾರ ಬದಲಾದರೆ ಲೆಡ್ಜರು ಬಿಚ್ಚಿ ಕಂಬಳಿಯಿಂದ ಹಿಡಿದು ಕೊಡಲಿಯವರೆಗೆ ಎಣಿಸಿ, ಇಬ್ಬರೂ ಸಹಿ ಹಾಕಿದ ಮೇಲೆಯೇ ಹಳಬನಿಗೆ ಬಿಡುಗಡೆ. ಹೀಗೆ ಇಪ್ಪತ್ತು ವರ್ಷ ಬಾಳಿದವರು ಊರಿಗೆ ಬಂದು ಕಟ್ಟಿಕೊಂಡ ಸಂಘದಲ್ಲಿ ಅಧ್ಯಕ್ಷರು ಯಾವಾಗ ಬದಲಾಗುತ್ತಾರೆ? ಹಲವು ಕಡೆ ಉತ್ತರ ಎರಡೇ: ಜಗಳವಾದಾಗ, ಇಲ್ಲವೇ ಅಧ್ಯಕ್ಷರು ತೀರಿಕೊಂಡಾಗ. ನಾನು ಯಾವ ಸಂಘದ ಮೇಲೂ ಬೆರಳು ಮಾಡುತ್ತಿಲ್ಲ. ಚೆನ್ನಾಗಿ ನಡೆದ ಸಂಘಗಳಿವೆ, ಹೆಸರಿಗೆ ಮಾತ್ರ ಉಳಿದವೂ ಇವೆ. ರೋಗ ಮಾತ್ರ ಎಲ್ಲ ಕಡೆಗೂ ಪರಿಚಿತ.

ಅಧ್ಯಕ್ಷರು ಯಾರಾದರೇನು ಎಂದು ಕೇಳುವವರು ಸಂಘ ನಿಜವಾಗಿ ಮಾಡುವ ಕೆಲಸವನ್ನು ಒಮ್ಮೆ ನೋಡಬೇಕು. ಹೊರಗಿನವರಿಗೆ ಕಾಣುವುದು ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ರ ಧ್ವಜ ದಿನ, ಆಗಸ್ಟ್ 15ರಂದು ಪದಕ ಹಚ್ಚಿಕೊಂಡ ಸಾಲು. ಉಳಿದ ದಿನಗಳ ಕೆಲಸವೆಲ್ಲ ಕಾಗದಪತ್ರದ್ದು. ಪಿಂಚಣಿ ಪಡೆಯುತ್ತಿದ್ದ ಮಾಜಿ ಸೈನಿಕರೊಬ್ಬರು ತೀರಿಕೊಂಡರು ಅನ್ನಿ. ದಿನಕರ್ಮ ಮುಗಿಸಿ ಹೆಂಡತಿ ಬ್ಯಾಂಕಿಗೆ ಹೋಗುತ್ತಾಳೆ. ಪಿಂಚಣಿ ನಿಂತಿದೆ. ಕುಟುಂಬ ಪಿಂಚಣಿ ಶುರುವಾಗಬೇಕಾದರೆ ಮರಣ ಪ್ರಮಾಣಪತ್ರ, ಪಿಪಿಓ (ಪಿಂಚಣಿ ಪಾವತಿ ಆದೇಶ), ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಬೇಕು. ಇಷ್ಟೂ ಇದ್ದರೂ ಹೆಸರು ತಾಳೆಯಾಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಯೂನಿಟ್ಟಿನಲ್ಲಿ ಹೆಂಡತಿಯ ಹೆಸರು ಬರೆಸಿದಾಗ ಕನ್ನಡ ತಿಳಿಯದ ಕ್ಲರ್ಕು ನೀಲವ್ವನನ್ನು ಲೀಲಾವತಿ ಮಾಡಿರುತ್ತಾನೆ. ಆಧಾರಿನಲ್ಲಿ ಅವಳು ನೀಲಮ್ಮ, ಮತದಾರರ ಚೀಟಿಯಲ್ಲಿ ನೀಲವ್ವ. ಹುಟ್ಟಿದ ವರ್ಷ ಮೂರರಲ್ಲೂ ಬೇರೆ ಬೇರೆ.

ಇದನ್ನು ತಿದ್ದಿಸಲು ಪತಿಯ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟಾದರೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಫಿರಂಗಿ ದಳವಾದರೆ ನಾಸಿಕ ರೋಡ್. ಪಿಂಚಣಿ ಮಂಜೂರಾಗುವುದು ಪ್ರಯಾಗರಾಜದಲ್ಲಿ. ಈಗ ಎಲ್ಲವೂ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯೊಳಗೆ ಬಂದಿದೆ. ಅಲ್ಲಿ ಹೋದರೆ ಓಟಿಪಿ ಬರುವುದು ಸತ್ತ ಗಂಡನ ಮೊಬೈಲಿಗೆ. ಆ ಸಿಮ್ಮು ರೀಚಾರ್ಜಿಲ್ಲದೆ ಬಂದ್ ಆಗಿ ಎಷ್ಟೋ ತಿಂಗಳಾಗಿರುತ್ತದೆ. ಆಗ ಆಕೆ ಹುಡುಕಿಕೊಂಡು ಬರುವುದು ಸಂಘದ ಬಾಗಿಲಿಗೆ.

“ಸಾಹೇಬ್ರ, ನಮ್ಮ ಮನಿಯವರ ಪೆನ್ಶನ್ ನಿಂತು ಐದು ತಿಂಗಳಾತ್ರಿ.”

“ಪಿಪಿಓ ಕಾಗದ ಐತೇನ್ರಿ ಅಕ್ಕಾರ?”

“ಟ್ರಂಕಿನ್ಯಾಗ ಹುಡುಕಬೇಕ್ರಿ. ಅವ್ರು ಇದ್ದಾಗ ಅದನ್ನ ನಮಗ ಮುಟ್ಟಾಕ ಕೊಡತಿರಲಿಲ್ಲ.”

ಇಂಥ ಮಾತು ಯಾವ ತಾಲ್ಲೂಕಿನ ಸಂಘದಲ್ಲೂ ಕೇಳಬಹುದು. ಸಾಮಾನ್ಯ ದರದ ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ 30. ದೊಡ್ಡ ಮೊತ್ತವೇನಲ್ಲ, ಆದರೆ ಮಳೆ ನೆಚ್ಚಿ ಬದುಕುವ ಮನೆಗೆ ತಿಂಗಳಿಗೊಮ್ಮೆ ತಪ್ಪದೆ ಬರುವ ದುಡ್ಡು ಅದೊಂದೇ ಇರಬಹುದು. ಹಿಂದೆ ಕಾಳಗದಲ್ಲಿ ಮಡಿದವನ ಮನೆತನಕ್ಕೆ ‘ನೆತ್ತರುಗೊಡಗೆ’ ಎಂದು ಭೂಮಿ ಬಿಡುತ್ತಿದ್ದರು; ಕನ್ನಡನಾಡಿನ ಶಾಸನಗಳಲ್ಲಿ ಅದರ ದಾಖಲೆಗಳಿವೆ. ಬೆಟಗೇರಿಯಲ್ಲಿ ವೀರಗಲ್ಲುಗಳ ಸಾಲೇ ಇದೆ, ನೋಡದವರು ಒಮ್ಮೆ ನೋಡಿಬನ್ನಿ. ಸತ್ತವನಿಗೆ ಕಲ್ಲು ನಿಲ್ಲಿಸಿದ ಸಮಾಜ ಬದುಕಿ ಉಳಿದವರ ಹೊಟ್ಟೆಯ ಚಿಂತೆಯನ್ನೂ ಮಾಡಿತ್ತು.

ಈ ಅಕ್ಕಾರ ಕೆಲಸ ಎಲ್ಲಿಗೆ ಬಂತು, ಯಾವ ಅರ್ಜಿ ಯಾವಾಗ ಅಂಚೆಯಲ್ಲಿ ಹೋಯಿತು, ರೆಕಾರ್ಡ್ ಆಫೀಸಿನಲ್ಲಿ ಯಾರಿಗೆ ಫೋನ್ ಮಾಡಿದರೆ ಉತ್ತರ ಸಿಗುತ್ತದೆ ಎಂಬುದೆಲ್ಲ ಇರುವುದು ಕಾರ್ಯದರ್ಶಿಯ ತಲೆಯಲ್ಲಿ, ಹೆಚ್ಚೆಂದರೆ ಅವರ ಮೊಬೈಲಿನಲ್ಲಿ. ರಿಜಿಸ್ಟರು ಇಟ್ಟಿರುವುದಿಲ್ಲ. ಕಾರ್ಯದರ್ಶಿ ಮುನಿಸಿಕೊಂಡು ರಾಜೀನಾಮೆ ಕೊಟ್ಟರೆ, ಲಕ್ವ ಹೊಡೆದು ಮಲಗಿದರೆ, ಮಗನ ಮನೆಗೆಂದು ಬೆಂಗಳೂರಿಗೆ ಹೋದರೆ ನೀಲವ್ವನ ಕಡತ ಮತ್ತೆ ಮೊದಲಿನಿಂದ ಶುರು. ಸಂಘದ ನಾಯಕತ್ವ ಬದಲಾವಣೆ ಎಂದರೆ ನಾವು ಹಾರ-ತುರಾಯಿ, ಪದಗ್ರಹಣ, ಪತ್ರಿಕೆಯಲ್ಲೊಂದು ಫೋಟೊ ಎಂದುಕೊಂಡಿದ್ದೇವೆ. ಕುರ್ಚಿ ಕೈ ಬದಲಾಯಿಸುತ್ತದೆ, ದಫ್ತರ ಬದಲಾಯಿಸುವುದಿಲ್ಲ. ನನ್ನ ತಕರಾರು ಇಷ್ಟೇ.

ದಫ್ತರ ಎಂದರೆ ಏನೇನು ಎಂಬುದನ್ನೂ ಹೇಳಿಬಿಡುತ್ತೇನೆ. ನೋಂದಣಿ ಪ್ರಮಾಣಪತ್ರದ ಮೂಲಪ್ರತಿ, ಬೈಲಾ, ಸದಸ್ಯರ ಪಟ್ಟಿ, ಠರಾವು ಪುಸ್ತಕ, ರಸೀದಿ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಸಂಘಕ್ಕೆ ಜಾಗ ಮಂಜೂರಾಗಿದ್ದರೆ ಅದರ ಉತಾರ. ಬ್ಯಾಂಕ್ ಖಾತೆ ಸಾಮಾನ್ಯವಾಗಿ ಅಧ್ಯಕ್ಷ ಮತ್ತು ಕಾರ್ಯದರ್ಶಿ ಇಲ್ಲವೇ ಖಜಾಂಚಿಯ ಜಂಟಿ ಸಹಿಯಲ್ಲಿ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರು ಇಲ್ಲವಾದರೆ ಹೊಸ ಸಹಿಗೆ ಬ್ಯಾಂಕಿನವರು ಠರಾವು ಕೇಳುತ್ತಾರೆ. ಠರಾವಿಗೆ ಸಭೆ ಬೇಕು, ಸಭೆಗೆ ಕೋರಂ ಬೇಕು. ಕೋರಂ ಆಗುವಷ್ಟು ಜನ ಬರುವುದಿಲ್ಲ. ಬಂದರೂ ಸದಸ್ಯರ ಪಟ್ಟಿ ಹಳೆಯದು. ಅದರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ, ಉಳಿದವರಲ್ಲಿ ವಂತಿಗೆ ಕಟ್ಟಿದವರು ಯಾರು ಎಂಬುದೇ ವಾದ. ದುಡ್ಡು ಖಾತೆಯಲ್ಲೇ ಇರುತ್ತದೆ, ಧ್ವಜ ದಿನಕ್ಕೆ ಶಾಮಿಯಾನ ಹಾಕಿದವನಿಗೆ ಕೊಡಲು ಮತ್ತೆ ಪಟ್ಟಿ ಎತ್ತಬೇಕು.

ಕಾನೂನು ಇದನ್ನೆಲ್ಲ ಮೊದಲೇ ಯೋಚಿಸಿದೆ. ನಮ್ಮಲ್ಲಿ ಇಂಥ ಸಂಘಗಳು ನೋಂದಣಿಯಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಏಳು ಜನ ಸೇರಿದರೆ ಸಂಘ ಕಟ್ಟಬಹುದು, ಅದು ಸುಲಭ. ಕಟ್ಟಿದ ಮೇಲೆ ವರ್ಷಕ್ಕೊಂದು ಸರ್ವಸದಸ್ಯರ ಸಭೆ ಕಡ್ಡಾಯ. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ಆಡಿಟ್ ಆದ ಲೆಕ್ಕಪತ್ರದೊಂದಿಗೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟ ಸಂಘ ಮುಂದೊಂದು ದಿನ ಸರ್ಕಾರಕ್ಕೆ ಅರ್ಜಿ ಹಾಕಿದಾಗ, ‘ನಿಮ್ಮ ಆಡಳಿತ ಮಂಡಳಿ ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಕೊಡಲಾರದು. ಸಂಘದ ವ್ಯವಹಾರ ಸರಿಯಿಲ್ಲ ಎನಿಸಿದರೆ ಮೂರನೇ ಒಂದು ಭಾಗದಷ್ಟು ಸದಸ್ಯರು ಸೇರಿ ವಿಚಾರಣೆಗೆ ನೋಂದಣಾಧಿಕಾರಿಯನ್ನು ಕೇಳಬಹುದು. ಈ ಅವಕಾಶವಿದೆ ಎಂಬುದೇ ಬಹುಮಂದಿ ಸದಸ್ಯರಿಗೆ ಗೊತ್ತಿಲ್ಲ. ಗೊತ್ತಿದ್ದ ಇಬ್ಬರು ಅದನ್ನು ಬೆದರಿಕೆಗೆ ಬಳಸುತ್ತಾರೆ.

ಗದಗ ಜಿಲ್ಲೆಗೆ ಇದು ಶೋಭಿಸುವ ಮಾತಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೇಲ್ಪಂಕ್ತಿಯಾದ ಸಹಕಾರಿ ಪತ್ತಿನ ಸಂಘ ಕಟ್ಟಿದ ನೆಲ ಇದು. ಎಕರೆಗಟ್ಟಲೆ ಹೊಲ ಇದ್ದವನಿಗೂ ಒಂದೇ ಓಟು, ತುಂಡು ಹೊಲ ಇದ್ದವನಿಗೂ ಒಂದೇ ಓಟು ಎಂಬ ಪಾಠವನ್ನು ಇಲ್ಲಿನ ರೈತರು ಶತಮಾನದ ಹಿಂದೆಯೇ ಕಲಿತರು.

ಆ ಒಂದೇ ಓಟಿನ ಲೆಕ್ಕ ಮಾಜಿ ಸೈನಿಕರಿಗೆ ಯಾಕೋ ಕಷ್ಟವಾಗುತ್ತದೆ. ಸಂಘದ ಅಧ್ಯಕ್ಷರು ಹೆಚ್ಚಾಗಿ ಆನರರಿ ಕ್ಯಾಪ್ಟನ್ನೋ ಸುಬೇದಾರರೋ ಆಗಿರುತ್ತಾರೆ. ಸಿಪಾಯಿಯಾಗಿ ಹದಿನೇಳು ವರ್ಷಕ್ಕೆ ಹೊರಬಂದವನಿಗೆ ಅವರು ಇವತ್ತಿಗೂ ‘ಸಾಬ್’. ಸಾಬ್ ಲೆಕ್ಕ ಓದಿದಾಗ ಎದ್ದುನಿಂತು ‘ಈ ಖರ್ಚು ಯಾತಕ್ಕೆ?’ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಆದರೆ ಸೈನ್ಯದಲ್ಲೂ ಕೇಳುವ ಜಾಗ ಇತ್ತಲ್ಲ! ಹಿಂದೆ ದರ್ಬಾರ್ ಎನ್ನುತ್ತಿದ್ದ, ಈಗ ಸೈನಿಕ ಸಮ್ಮೇಳನ ಎನ್ನುವ ಸಭೆಯಲ್ಲಿ ಇಡೀ ಯೂನಿಟ್ಟು ಕಮಾಂಡಿಂಗ್ ಆಫೀಸರ್ ಮುಂದೆ ಕೂರುತ್ತದೆ. ಲಂಗರಿನ ಊಟ, ರಜೆ, ಕ್ವಾರ್ಟರ್ಸು, ಏನೇ ಇದ್ದರೂ ಜವಾನ ಎದ್ದು ತನ್ನ ‘ಪಾಯಿಂಟ್’ ಹೇಳಬಹುದು. ಸಾಹೇಬರು ಉತ್ತರ ಕೊಡಬೇಕು. ಸಂಘದ ವಾರ್ಷಿಕ ಸಭೆಯಲ್ಲಿ ಅತಿಥಿಗಳ ಭಾಷಣಕ್ಕೆ ಎರಡು ತಾಸು, ಸನ್ಮಾನಕ್ಕೆ ಒಂದು ತಾಸು ಹೋದ ಮೇಲೆ ಲೆಕ್ಕಪತ್ರಕ್ಕೆ ಉಳಿಯುವುದು ಊಟದ ಮುಂಚಿನ ಐದು ನಿಮಿಷ. ಪಾಯಿಂಟಿಗೆ ಅದೂ ಇಲ್ಲ.

ಸದಸ್ಯರು ಸಭೆಗೆ ಬರುವುದಿಲ್ಲ ಎಂದು ಪದಾಧಿಕಾರಿಗಳು ಬೇಸರಪಡುವುದುಂಟು. ಬಾರದಿರಲು ಕಾರಣಗಳಿವೆ, ಎಲ್ಲವೂ ಸೋಮಾರಿತನವಲ್ಲ. ಸೈನ್ಯದಲ್ಲಿ ಸಿಪಾಯಿ ನಿವೃತ್ತನಾಗುವುದು ನಲವತ್ತರ ಆಸುಪಾಸಿನಲ್ಲಿ, ಕೆಲವರು ಅದಕ್ಕೂ ಮುಂಚೆ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತವೆ. ಆತ ಮತ್ತೆ ಬ್ಯಾಂಕಿನ ಗಾರ್ಡ್ ಆಗುತ್ತಾನೆ, ಮಾಜಿ ಸೈನಿಕರ ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ಹಿಡಿಯುತ್ತಾನೆ, ಇಲ್ಲವೇ ಹೊಲ ಹೂಡುತ್ತಾನೆ. ಬುಧವಾರ ಬೆಳಿಗ್ಗೆ 11ಕ್ಕೆ ಗದಗಿನಲ್ಲಿ ಸಭೆ ಎಂದರೆ ಬರಬಲ್ಲವರು ಎಪ್ಪತ್ತು ದಾಟಿದವರಷ್ಟೇ. ಅವರೇ ಬರುತ್ತಾರೆ, ಅವರೇ ಆರಿಸುತ್ತಾರೆ, ಅವರೇ ಆರಿಸಿಬರುತ್ತಾರೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಪಟ್ಟಣಗಳಿಗೆ ರೈಲಿಲ್ಲ. ಗದಗ-ಯಲವಿಗಿ ಮಾರ್ಗಕ್ಕೆ ಜನ ಕೇಳುತ್ತಲೇ ಬಂದಿದ್ದಾರೆ. ಲಕ್ಷ್ಮೇಶ್ವರದಿಂದ ಗದಗ ಸುಮಾರು 40 ಕಿ.ಮೀ. ಮೊಣಕಾಲು ಹಿಡಿದುಕೊಂಡ ಹಿರಿಯರಿಗೆ, ಮದುವೆ ಸೀಜನ್ನಿನ ಬಸ್ಸಿನಲ್ಲಿ ಅದು ಸಣ್ಣ ದೂರವಲ್ಲ.

ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರ ಈಗ ತಾನೇ ತಾಲ್ಲೂಕು. 1997ರಲ್ಲಿ ಧಾರವಾಡದಿಂದ ಗದಗ ಜಿಲ್ಲೆ ಬೇರೆಯಾದಾಗಲೂ, ಎರಡು ದಶಕದ ನಂತರ ಲಕ್ಷ್ಮೇಶ್ವರ ಬೇರೆಯಾದಾಗಲೂ ಸಂಘಟನೆಗಳಿಗೆಲ್ಲ ಒಂದೇ ಪ್ರಶ್ನೆ: ನಾವೂ ಬೇರೆಯಾಗೋಣವೇ? ಬೇರೆಯಾದರೆ ಹೊಸಬರಿಗೆ ಪದಾಧಿಕಾರ ಸಿಗುತ್ತದೆ, ಮನೆ ಹತ್ತಿರ ಸಭೆ ಆಗುತ್ತದೆ. ಆದರೆ ಐವತ್ತು ಜನರ ಮೂರು ಸಂಘಗಳಿಗಿಂತ ನೂರೈವತ್ತು ಜನರ ಒಂದು ಸಂಘದ ಮಾತಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ತೂಕ ಹೆಚ್ಚು. ನನ್ನ ಒಲವು ಒಂದೇ ಸಂಘ, ತಾಲ್ಲೂಕಿಗೊಂದು ಘಟಕ, ಸರದಿಯ ಮೇಲೆ ಅಧ್ಯಕ್ಷಗಿರಿ ಎಂಬುದರ ಕಡೆ. ವಾರ್ಷಿಕ ಸಭೆಯನ್ನೂ ಒಂದು ವರ್ಷ ಮುಂಡರಗಿಯಲ್ಲಿ, ಇನ್ನೊಂದು ವರ್ಷ ಲಕ್ಷ್ಮೇಶ್ವರದಲ್ಲಿ ಮಾಡಿದರೆ ಗದಗದವರಿಗೂ ಬಸ್ಸಿನ ರುಚಿ ತಿಳಿಯುತ್ತದೆ.

ನಾಯಕತ್ವ ಕೈಬದಲಾಗುವುದು ನಮ್ಮ ಕಡೆಯ ಜನಕ್ಕೆ ಹೊಸ ವಿಷಯವಲ್ಲ. ಮಠಗಳ ನಾಡು ಇದು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದಾಗ ನಾಗನೂರು ರುದ್ರಾಕ್ಷಿಮಠದ ಸಿದ್ಧರಾಮ ಸ್ವಾಮೀಜಿ ಆ ಪೀಠಕ್ಕೆ ಬಂದರು. ಮಠದಲ್ಲಿ ಗುರು ಉತ್ತರಾಧಿಕಾರಿಯನ್ನು ನೇಮಿಸುತ್ತಾರೆ, ಭಕ್ತರು ಒಪ್ಪುತ್ತಾರೆ. ಸೈನ್ಯದಲ್ಲಿ ಮೇಲಿನಿಂದ ಆರ್ಡರು ಬರುತ್ತದೆ. ಮಾಜಿ ಸೈನಿಕ ಈ ಎರಡು ಪದ್ಧತಿಗಳನ್ನೂ ಚೆನ್ನಾಗಿ ಬಲ್ಲ. ಸಂಘದಲ್ಲಿ ಎರಡೂ ನಡೆಯುವುದಿಲ್ಲ. ಅಲ್ಲಿ ಸದಸ್ಯರೇ ಕೈ ಎತ್ತಬೇಕು. ‘ಹಿರಿಯರು ಯಾರನ್ನ ಅಂತಾರೋ ಅವರೇ ಆಗಲಿ’ ಎಂದು ಅವಿರೋಧವಾಗಿ ಮುಗಿಸಿ ಚಹಾ ಕುಡಿದು ಎದ್ದರೆ, ಆ ಅಧ್ಯಕ್ಷರಿಗೆ ಮುಂದೆ ಕೆಲಸಕ್ಕೆ ಜನ ಸಿಗುವುದಿಲ್ಲ. ಯಾರೂ ಅವರನ್ನು ತಾವಾಗಿ ಆರಿಸಿಲ್ಲವಲ್ಲ. ಇನ್ನು ಸಂಘದ ಅಧ್ಯಕ್ಷಗಿರಿಯನ್ನು ಪುರಸಭೆ ಟಿಕೆಟ್ಟಿನ ಮೆಟ್ಟಿಲು ಮಾಡಿಕೊಳ್ಳುವವರ ಬಗ್ಗೆ ಹೆಚ್ಚು ಬರೆಯುವುದು ಬೇಡ, ಎಲ್ಲರಿಗೂ ಗೊತ್ತಿದೆ.

ಜನ ಬರಬೇಕಾದರೆ ಅವರಿಗೆ ಕೆಲಸ ಕೊಡಬೇಕು. ಇದು ನಾನು ನೋಡಿದ ಬೇರೆ ಬೇರೆ ಸಂಘಗಳಿಂದ ತಿಳಿದ ಮಾತು. ನಲವತ್ತೈದರ ಹವಾಲ್ದಾರನಿಗೆ ಸಭೆಯ ನೋಟಿಸು ಕಳಿಸಿದರೆ ಆತ ಮೊಬೈಲಿನಲ್ಲಿ ನೋಡಿ ಅಲ್ಲಿಗೇ ಬಿಡುತ್ತಾನೆ. ಅದೇ ‘ನಿಮ್ಮ ಊರಿನಲ್ಲಿ ಮತ್ತು ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಪಿಂಚಣಿದಾರರು ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಟ್ಟರೋ ಇಲ್ಲವೋ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ’ ಎಂದರೆ ಬೈಕ್ ಹತ್ತುತ್ತಾನೆ. ಆತನಿಗೆ ಸ್ಮಾರ್ಟ್‌ಫೋನ್ ಗೊತ್ತು, ಕಾಮನ್ ಸರ್ವಿಸ್ ಸೆಂಟರ್ ಎಲ್ಲಿದೆ ಗೊತ್ತು, ಹಿಂದಿಯೂ ಬರುತ್ತದೆ. ಮೂರು ವರ್ಷ ಹೀಗೆ ಓಡಾಡಿದವನೇ ಮುಂದಿನ ಕಾರ್ಯದರ್ಶಿ. ಸೈನ್ಯಕ್ಕೆ ಸೇರಬಯಸುವ ಹುಡುಗರಿಗೆ ಬೆಳಿಗ್ಗೆ ಮೈದಾನದಲ್ಲಿ 1600 ಮೀಟರ್ ಓಡಿಸುವುದೂ ಇಂಥದ್ದೇ ಕೆಲಸ. ಎಪ್ಪತ್ತರ ಸಾಬ್ ಕುರ್ಚಿಯಲ್ಲಿ ಕೂತು ಗಡಿಯಾರ ಹಿಡಿಯಲಿ, ಓಡಿಸುವವನು ಇತ್ತೀಚೆಗೆ ಬಂದವನಿರಲಿ.

ಇನ್ನೊಂದು ಗುಂಪನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಸೈನಿಕರ ವಿಧವೆಯರು. ವೇದಿಕೆಗೆ ಕರೆದು ಸೀರೆ-ಹಣ್ಣು ಕೊಟ್ಟು ‘ವೀರನಾರಿ’ ಎಂದು ಸನ್ಮಾನಿಸುತ್ತೇವೆ, ಸದಸ್ಯತ್ವದ ಪುಸ್ತಕದಲ್ಲಿ ಅವರ ಹೆಸರಿರುವುದಿಲ್ಲ. ಸಂಘದ ಕಾಗದಪತ್ರದ ಕೆಲಸ ಹೆಚ್ಚು ಬೇಕಾಗಿರುವುದು ಅವರಿಗೆ, ಕೈ ಎತ್ತುವ ಹಕ್ಕು ಮಾತ್ರ ಇಲ್ಲ. ಐದು ತಿಂಗಳು ಅಲೆದು ಪಿಂಚಣಿ ಮಾಡಿಸಿಕೊಂಡ ಹೆಣ್ಣುಮಗಳಿಗಿಂತ ಒಳ್ಳೆಯ ಸ್ವಯಂಸೇವಕಿ ಬೇಕೇ? ಯಾವ ಕಾಗದ ಎಲ್ಲಿ ಸಿಗುತ್ತದೆ ಎಂಬುದು ಆಕೆಗೆ ಬಾಯಿಪಾಠವಾಗಿರುತ್ತದೆ.

ಸದಸ್ಯತ್ವದ ಬಾಗಿಲು ಗಿಡ್ಡ ಮಾಡಿಕೊಂಡ ಸಂಘದ ಗತಿ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. ಅಲ್ಲಿನ ಅಂತರ್ಯುದ್ಧದಲ್ಲಿ ಉತ್ತರದ ಪರ ಕಾದಿದವರು 1866ರಲ್ಲಿ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಎಂಬ ಸಂಘ ಕಟ್ಟಿದರು. 1890ರ ಹೊತ್ತಿಗೆ ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರು. ದೇಶದ ಅಧ್ಯಕ್ಷ ಪದವಿಯ ಚುನಾವಣೆಯಲ್ಲೂ ಅದರ ಮಾತು ನಡೆಯುತ್ತಿತ್ತು. ಆದರೆ ಆ ಯುದ್ಧದಲ್ಲಿ ಇದ್ದವರಿಗಷ್ಟೇ ಸದಸ್ಯತ್ವ ಎಂಬ ನಿಯಮವನ್ನು ಬಿಡಲಿಲ್ಲ. 1956ರಲ್ಲಿ ಕೊನೆಯ ಸದಸ್ಯ ಆಲ್ಬರ್ಟ್ ವುಲ್ಸನ್ ತೀರಿಕೊಂಡರು, ಸಂಘವೂ ಮುಗಿಯಿತು. ಅವರಿಗೆ ಅದು ತಿಳಿದೇ ಮಾಡಿಕೊಂಡ ಆಯ್ಕೆ ಇರಬಹುದು. ನಮಗೆ ಆ ಆಯ್ಕೆ ಹೊಂದುವುದಿಲ್ಲ, ಯಾಕೆಂದರೆ ನಮ್ಮ ಸಂಘಗಳ ಬಾಗಿಲಿಗೆ ಹೊಸ ಗುಂಪೊಂದು ಬರುವುದಿದೆ.

ಅಗ್ನಿವೀರರು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ನಾಲ್ಕು ವರ್ಷದ ನಂತರ ಶೇ 25ರವರೆಗಿನವರನ್ನು ಮಾತ್ರ ಕಾಯಂ ಮಾಡಿಕೊಳ್ಳಬೇಕೆಂದು ಯೋಜನೆ ಹೇಳುತ್ತದೆ. ಉಳಿದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ. ಮೊದಲ ತಂಡಗಳ ತರಬೇತಿ ಶುರುವಾದದ್ದು 2022ರ ಕೊನೆ, 2023ರ ಆರಂಭದಲ್ಲಿ. ಹಾಗಾಗಿ ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ನಮ್ಮ ಹಳ್ಳಿಗಳ ಹುಡುಗರೂ ಇಪ್ಪತ್ತೆರಡು-ಇಪ್ಪತ್ತಮೂರರ ವಯಸ್ಸಿನಲ್ಲಿ ಟ್ರಂಕು ಹೊತ್ತು ಗದಗ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಸರ್ಕಾರದ ಪುಸ್ತಕದಲ್ಲಿ ಅವರು ಮಾಜಿ ಸೈನಿಕರಲ್ಲ. ಸಂಘದ ಪುಸ್ತಕದಲ್ಲಿ ಏನು? ಬೈಲಾದಲ್ಲಿ ‘ಪಿಂಚಣಿ ಪಡೆಯುವ ಮಾಜಿ ಸೈನಿಕರು’ ಎಂದು ಬರೆದುಕೊಂಡ ಸಂಘ ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಕಾಗುತ್ತದೆ. ಸರ್ಕಾರದ ನೀತಿ ಸರಿಯೋ ತಪ್ಪೋ ಎಂಬ ವಾದ ಬೇರೆ. ಸಂಘಕ್ಕೆ ಹರೆಯದ ಕೈ ಬೇಕಾಗಿದೆ, ಆ ಹುಡುಗರಿಗೆ ದಾರಿ ತೋರಿಸುವವರು ಬೇಕಾಗಿದ್ದಾರೆ. ಬೈಲಾ ತಿದ್ದುವುದು ಸಂಘದ ಕೈಯಲ್ಲೇ ಇದೆ. ಒಂದು ಸರ್ವಸದಸ್ಯರ ಸಭೆ, ಒಂದು ಠರಾವು, ನೋಂದಣಾಧಿಕಾರಿ ಕಚೇರಿಗೆ ಒಂದು ಅರ್ಜಿ.

ಈಗಿನ ಪದಾಧಿಕಾರಿಗಳಲ್ಲಿ ನನ್ನ ವಿನಂತಿ: ಮುಂದಿನ ವಾರ್ಷಿಕ ಸಭೆಯಲ್ಲಿ ಸನ್ಮಾನ ಕಡಿಮೆ ಮಾಡಿ, ದಫ್ತರವನ್ನು ಮೇಜಿನ ಮೇಲೆ ಇಡಿ. ಬಾಕಿ ಇರುವ ಪಿಂಚಣಿ ಪ್ರಕರಣಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿ. ಹೊಸಬರಿಗೆ ಚಾರ್ಜು ಕೊಟ್ಟರೆ ಎಣಿಸಿ ಕೊಡಿ, ಸಹಿ ತೆಗೆದುಕೊಳ್ಳಿ, ಆಮೇಲೂ ಆರು ತಿಂಗಳು ಫೋನ್ ಎತ್ತಿ. ಸದಸ್ಯರೇ, ವಂತಿಗೆ ಬಾಕಿ ಇದ್ದರೆ ಕಟ್ಟಿಬಿಡಿ, ಕಟ್ಟದವರಿಗೆ ಕೈ ಎತ್ತುವ ಹಕ್ಕಿರುವುದಿಲ್ಲ. ಮನೆಯಲ್ಲಿ ನಿಮ್ಮ ಪಿಪಿಓ ಯಾವ ಟ್ರಂಕಿನಲ್ಲಿದೆ ಎಂಬುದನ್ನು ಇವತ್ತು ರಾತ್ರಿಯೇ ಹೆಂಡತಿಗೆ ತೋರಿಸಿ, ಅದರಲ್ಲಿ ಅವರ ಹೆಸರು ಸರಿಯಾಗಿದೆಯೇ ಎಂದು ಆಧಾರ್ ಜೊತೆ ಇಟ್ಟು ನೋಡಿ.